ಕೆಟ್ಟ ಜಾಗಕ್ಕೆ ಕೈ ಹಾಕಬೇಡಿ: ಮರದ ಉದ್ದ ಬಿಲ್ಲಿನ ದೋಷ ಹಿಡಿಯುವ ಬಗೆ

ನನ್ನ ಮೂರನೇ ಬಿಲ್ಲಿನ ಕೆಳತೋಳಿನಲ್ಲಿ, ಹಿಡಿಯಿಂದ ಒಂದು ಗೇಣು ದೂರಕ್ಕೆ, ಒಂದು ಜಾಗ ಮಿಕ್ಕ ಕಡೆಗಿಂತ ಜಾಸ್ತಿ ಬಗ್ಗುತ್ತಿತ್ತು. ಹೆದೆ ಏರಿಸಿ ದೂರ ನಿಂತು ನೋಡಿದರೆ ಅಲ್ಲಿ ಮೊಣಕೈ ಮಡಚಿದ ಹಾಗೆ ಕಾಣುತ್ತಿತ್ತು. ಏನೋ ಉಬ್ಬು ಇರಬೇಕು ಅಂದುಕೊಂಡು ಅದೇ ಜಾಗವನ್ನು ಅರದಿಂದ ಉಜ್ಜಿ ನುಣುಪು ಮಾಡಿದೆ. ಹತ್ತು ನಿಮಿಷದಲ್ಲಿ ಮೊಣಕೈ ಇನ್ನೂ ಚೂಪಾಯಿತು. ಮತ್ತೆ ಉಜ್ಜಿದೆ. ಅದಾದ ಮೇಲೆ ಎಳೆದದ್ದು ಒಂದೇ ಸಲ, ಬಿಲ್ಲು ಎರಡು ತುಂಡು.

ಉಜ್ಜಬೇಕಿದ್ದದ್ದು ಆ ಜಾಗವನ್ನಲ್ಲ, ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ. ಬಿಲ್ಲಿನಲ್ಲಿ ದೋಷ ಕಾಣುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಒಂದು ಕಡೆ ಸೋಮಾರಿಯಾಗಿ ಕೂತ ಮರದ ಕೆಲಸವನ್ನೂ ಇನ್ನೊಂದು ಕಡೆಯ ಮರವೇ ಮಾಡಬೇಕಾಗುತ್ತದೆ. ದಣಿಯುವುದು, ಮುರಿಯುವುದು ಆ ದುಡಿಯುವ ಜಾಗ. ಕೆಳಗೆ ಬರುವ ಹೆಚ್ಚಿನ ದೋಷಗಳ ಹಿಂದೆ ಇರುವುದು ಇದೇ ಕತೆ.

ಮೊದಲು ಹೆಸರುಗಳು. ಬಾಣ ಹೋಗುವ ಕಡೆಗೆ ಮುಖ ಮಾಡಿದ್ದು ಬಿಲ್ಲಿನ ಬೆನ್ನು. ನಿಮ್ಮ ಕಡೆಗಿರುವುದು ಹೊಟ್ಟೆ. ಹಿಡಿಯ ಮೇಲಿನದು ಮೇಲ್ತೋಳು, ಕೆಳಗಿನದು ಕೆಳತೋಳು. ಹೆದೆ ಕೂರಲು ತುದಿಯಲ್ಲಿ ಮಾಡುವ ಗೀರು ಕಚ್ಚು. ಎರಡೂ ತೋಳು ಸಮನಾಗಿ ಬಗ್ಗುವಂತೆ ಹೊಟ್ಟೆಯ ಕಡೆಯಿಂದ ಸ್ವಲ್ಪ ಸ್ವಲ್ಪ ಮರ ತೆಗೆಯುತ್ತ ಹೋಗುವ ಕೆಲಸಕ್ಕೆ ಟಿಲರಿಂಗ್ ಅಂತಾರೆ. ನಾನು ಹದ ಮಾಡುವುದು ಅನ್ನುತ್ತೇನೆ. ಬಿಲ್ಲು ಎಳೆದಾಗ ಬೆನ್ನಿನ ನಾರು ಹಿಗ್ಗುತ್ತದೆ, ಹೊಟ್ಟೆಯ ನಾರು ಅದುಮಿಕೊಳ್ಳುತ್ತದೆ. ಹಾಗಾಗಿ ಬೆನ್ನು ಕೆಟ್ಟರೆ ಸೀಳುತ್ತದೆ, ಹೊಟ್ಟೆ ಕೆಟ್ಟರೆ ಸುಕ್ಕಾಗುತ್ತದೆ. ಯಾವ ಮುಖದಲ್ಲಿ ಏನಾಗಿದೆ ಅಂತ ನೋಡಿದರೆ ಅರ್ಧ ಪತ್ತೆ ಕೆಲಸ ಮುಗಿದಂತೆ.

ಇನ್ನೊಂದು ಲೆಕ್ಕ ತಲೆಯಲ್ಲಿರಲಿ. ತೋಳಿನ ಬಿಗಿ ಅಗಲದ ಜೊತೆ ನೇರವಾಗಿ ಏರುತ್ತದೆ, ಆದರೆ ದಪ್ಪದ ಜೊತೆ ಘನದ ಲೆಕ್ಕದಲ್ಲಿ ಏರುತ್ತದೆ. 20 ಮಿ.ಮೀ. ದಪ್ಪವಿದ್ದ ಜಾಗವನ್ನು 18ಕ್ಕೆ ಇಳಿಸಿದರೆ ಅಲ್ಲಿನ ಬಿಗಿ ಶೇ. 27ರಷ್ಟು ಹೋಗಿಬಿಡುತ್ತದೆ. ಬರೀ ಎರಡು ಮಿಲಿಮೀಟರ್! ಅಗಲದಲ್ಲಿ ಅಷ್ಟೇ ಪಾಲು ತೆಗೆದರೆ ಹೋಗುವುದು ಶೇ. 10 ಮಾತ್ರ. ಆದ್ದರಿಂದ ಕೊನೆಯ ಹಂತದಲ್ಲಿ ಅರ, ಕೀಸುಳಿ ಎಲ್ಲ ಪಕ್ಕಕ್ಕಿಟ್ಟು ಸ್ಕ್ರೇಪರ್, ಅಂದರೆ ಮರವನ್ನು ತೆಳುವಾಗಿ ಹೆರೆಯುವ ಉಕ್ಕಿನ ತಗಡು, ಅದೊಂದನ್ನೇ ಹಿಡಿಯಿರಿ. ಅದು ಸಿಕ್ಕದಿದ್ದರೆ ಚಾಕುವಿನ ಅಲಗಿನ ಅಂಚನ್ನು ನೆಟ್ಟಗೆ ನಿಲ್ಲಿಸಿ ಹೆರೆದರೂ ಸಾಕು.

ಒಂದೇ ಕಡೆ ಮಡಚುತ್ತದೆ

ಇದಕ್ಕೆ ಕೀಲು ಬಿದ್ದಿದೆ ಅನ್ನುತ್ತೇನೆ. ಬಾಗಿಲಿನ ಕೀಲಿನ ಹಾಗೆ ತೋಳು ಒಂದೇ ಬಿಂದುವಿನಲ್ಲಿ ತಿರುಗುತ್ತದೆ. ಹೊಸಬರ ಬಿಲ್ಲುಗಳನ್ನು ಹಾಳು ಮಾಡುವುದರಲ್ಲಿ ಇದಕ್ಕೇ ಮೊದಲ ಸ್ಥಾನ ಅಂತ ನನ್ನ ಲೆಕ್ಕ. ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಕಣ್ಣನ್ನು ಪೂರ್ತಿ ನಂಬಬೇಡಿ. ಮರದಲ್ಲೇ ಹುಟ್ಟಿನಿಂದ ಸಣ್ಣ ಡೊಂಕು ಇದ್ದರೆ ಅದೂ ಕೀಲಿನಂತೆಯೇ ಕಾಣುತ್ತದೆ. ಹೆದೆ ಇಳಿಸಿ ಬಿಲ್ಲನ್ನು ಬಿಳಿ ಗೋಡೆಯ ಮುಂದೆ ಇಟ್ಟು ಒಂದು ಫೋಟೊ ತೆಗೆಯಿರಿ. ಹೆದೆ ಏರಿಸಿ ಅದೇ ಜಾಗದಿಂದ ಇನ್ನೊಂದು ತೆಗೆಯಿರಿ. ಮುಖ್ಯವಾದದ್ದು ಆಕಾರ ಅಲ್ಲ, ಎರಡು ಫೋಟೊಗಳ ನಡುವೆ ಎಲ್ಲೆಲ್ಲಿ ಎಷ್ಟು ಬದಲಾಗಿದೆ ಅನ್ನುವುದು. ಮೊದಲ ಫೋಟೊದಲ್ಲೂ ಡೊಂಕು ಇದ್ದು, ಎರಡನೆಯದರಲ್ಲೂ ಅಷ್ಟೇ ಇದ್ದರೆ ಅದು ಮರದ ಸ್ವಭಾವ. ಅದರ ಪಾಡಿಗೆ ಬಿಡಿ.

ಇನ್ನೂ ನಿಖರವಾಗಿ ಬೇಕೆಂದರೆ ಒಂದು ಸಣ್ಣ ಸಾಧನ ಮಾಡಿಕೊಳ್ಳಿ. ಸುಮಾರು 15 ಸೆಂ.ಮೀ. ಉದ್ದದ, ಒಂದು ಮುಖ ಪೂರ್ತಿ ನೇರವಾಗಿರುವ ಮರದ ತುಂಡು. ನಟ್ಟನಡುವೆ ತೂತು ಕೊರೆದು ಅದರಲ್ಲಿ ಬಿಗಿಯಾಗಿ ಒಂದು ಪೆನ್ಸಿಲ್ ತೂರಿಸಿ. ಹೆದೆ ಏರಿಸಿದ ಬಿಲ್ಲಿನ ಹೊಟ್ಟೆ ಒಳಗೆ ಬಾಗಿರುತ್ತದೆ ಅಲ್ವಾ? ಆ ತುಂಡನ್ನು ಹೊಟ್ಟೆಯ ಮೇಲಿಟ್ಟರೆ ಎರಡು ತುದಿ ಮಾತ್ರ ತಾಗಿ ನಡುವೆ ಸಂದು ಉಳಿಯುತ್ತದೆ. ಬಗ್ಗಿದಷ್ಟೂ ಸಂದು ದೊಡ್ಡದು. ಕೀಲು ಬಿದ್ದಿದೆ ಅನ್ನಿಸಿದ ಕಡೆ ತುಂಡನ್ನಿಟ್ಟು, ಪೆನ್ಸಿಲ್ ಮೊನೆ ಹೊಟ್ಟೆಗೆ ಕೂದಲೆಳೆಯಷ್ಟು ತಾಗದಂತೆ ನಿಲ್ಲಿಸಿ. ಈಗ ಹಿಡಿಯ ಹತ್ತಿರದಿಂದ ತುದಿಯ ತನಕ ತುಂಡನ್ನು ಜಾರಿಸುತ್ತ ಹೋಗಿ. ಪೆನ್ಸಿಲ್ ಎಲ್ಲಿ ಗೆರೆ ಎಳೆಯುತ್ತದೋ ಅಲ್ಲಿ ಮರ ಬಗ್ಗುತ್ತಿಲ್ಲ. ಹೆರೆಯಬೇಕಾದ ಜಾಗದ ನಕ್ಷೆಯನ್ನು ಬಿಲ್ಲೇ ಬರೆದುಕೊಟ್ಟ ಹಾಗೆ. ನನಗೆ ಈ ತುಂಡು ಗೊತ್ತಿದ್ದಿದ್ದರೆ ಮೂರನೇ ಬಿಲ್ಲು ಉಳಿಯುತ್ತಿತ್ತು.

ಕೀಲಿನ ಎರಡೂ ಪಕ್ಕಕ್ಕೆ ಒಂದೊಂದು ಅಂಗುಲ ಬಿಟ್ಟು ಪೆನ್ಸಿಲಿನಲ್ಲಿ ದೊಡ್ಡದಾಗಿ ಕಾಟು ಹಾಕಿ. ಅದರೊಳಗೆ ಸ್ಯಾಂಡ್ ಪೇಪರ್ ಕೂಡ ತಾಗಬಾರದು. ಗೆರೆ ಬಿದ್ದ ಜಾಗಗಳಲ್ಲಿ ಮಾತ್ರ ಇಪ್ಪತ್ತು ಸಲ ಹೆರೆಯಿರಿ. ಆಮೇಲೆ ಬಿಲ್ಲನ್ನು ಅರ್ಧದ ತನಕ 30 ಸಲ ಎಳೆದು ಬಿಡಿ. ಎಳೆದು ಬಿಡಿ ಅಂದರೆ ಹೆದೆಯನ್ನು ಕೈಯಲ್ಲಿ ಹಿಡಿದೇ ಮೆಲ್ಲಗೆ ವಾಪಸ್ ತರುವುದು. ಬಾಣವಿಲ್ಲದೆ ಹೆದೆಯನ್ನು ಫಟ್ ಅಂತ ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ತೋಳಿಗೇ ಬಡಿಯುತ್ತದೆ. ಮರ ತೆಗೆದ ತಕ್ಷಣ ಬದಲಾವಣೆ ಪೂರ್ತಿ ಕಾಣುವುದಿಲ್ಲ. ಈ 30 ಎಳೆತ ಬಿಟ್ಟು ನೇರ ಮತ್ತೆ ಹೆರೆಯುವವರು ಯಾವಾಗಲೂ ಜಾಸ್ತಿಯೇ ತೆಗೆಯುತ್ತಾರೆ.

ಗಂಟು ಇರುವ ಕಡೆ ಪೆನ್ಸಿಲ್ ಗೆರೆ ಎಳೆದರೆ ಮಾತ್ರ ಅದರ ಮಾತು ಕೇಳಬೇಡಿ. ಗಂಟಿನ ಸುತ್ತ ನಾರು ತಿರುಚಿಕೊಂಡಿರುತ್ತದೆ. ಅಲ್ಲಿ ಸ್ವಲ್ಪ ಬಿಗಿಯಾಗಿರುವುದೇ ಸರಿ.

ಇಷ್ಟೆಲ್ಲ ಮಾಡಿದ ಮೇಲೆ ಬಿಲ್ಲಿನ ಬಲ, ಅಂದರೆ ಅದನ್ನು ಪೂರ್ತಿ ಎಳೆಯಲು ಬೇಕಾಗುವ ಶಕ್ತಿ, ಇಳಿಯುತ್ತದೆ. 45 ಪೌಂಡು ಅಂದುಕೊಂಡಿದ್ದು 35ಕ್ಕೆ ಬಂದು ನಿಲ್ಲಬಹುದು. ಬೇಸರವಾಗುತ್ತದೆ, ನಿಜ. ಆದರೆ ಹೆರೆದ ಮರ ವಾಪಸ್ ಬರುವುದಿಲ್ಲ. 35 ಪೌಂಡಿನ ಬಿಲ್ಲು ಬಾಣ ಬಿಡುತ್ತದೆ, 45 ಪೌಂಡಿನ ಎರಡು ತುಂಡು ಬಿಡುವುದಿಲ್ಲ. ಕೀಲು ತೀರಾ ಆಳಕ್ಕೆ ಇಳಿದಿದ್ದರೆ ಅದೇ ಮರದ ತೆಳು ಪಟ್ಟಿಯನ್ನು ಹೊಟ್ಟೆಗೆ ಅಂಟಿಸಿ ಹೊಸದಾಗಿ ಹದ ಮಾಡುವ ದಾರಿಯೂ ಇದೆ.

ಹೆದೆ ಇಳಿಸಿದರೂ ಬಾಗಿಯೇ ಇದೆ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನುವ ಗಾದೆ ಕಟ್ಟಿದವರು ಬಿಲ್ಲು ಮಾಡಿರಲಿಕ್ಕಿಲ್ಲ. ಬಿಲ್ಲಿನ ಕಷ್ಟ ಉಲ್ಟಾ. ಮರ ಬಗ್ಗುತ್ತದೆ, ಆಮೇಲೆ ನೆಟ್ಟಗಾಗುವುದಿಲ್ಲ. ಇದಕ್ಕೆ ಸೆಟ್ ಅಂತಾರೆ. ಹೆದೆ ಇಳಿಸಿದ ಕೂಡಲೇ ಬಿಲ್ಲಿನ ಬೆನ್ನನ್ನು ನೇರ ಗೋಡೆಗೆ ಒರಗಿಸಿ, ಹಿಡಿಯ ಭಾಗ ಗೋಡೆಗೆ ತಾಗಲಿ, ತುದಿಗಳು ಗೋಡೆಯಿಂದ ಎಷ್ಟು ದೂರ ಇವೆ ಅಂತ ಅಳೆಯಿರಿ. ಎರಡು ಮೂರು ತಾಸು ಬಿಟ್ಟು ಮತ್ತೆ ಅಳೆಯಿರಿ. ಒಂದೇ ಮರದ ಬಿಲ್ಲಿಗೆ ಒಂದೂವರೆ ಇಂಚಿನ ತನಕ ಇದ್ದರೆ ಚೆನ್ನಾಗಿಯೇ ಇದೆ. ಎರಡು ಇಂಚು ಸಹಿಸಬಹುದು. ಮೂರು ದಾಟಿದರೆ ಎಲ್ಲೋ ತಪ್ಪಿದ್ದೀರಿ. ಬಿಲ್ಲು ಮುರಿಯದೇ ಇರಬಹುದು, ಆದರೆ ಬಾಣದ ವೇಗ ಇಳಿದಿರುತ್ತದೆ.

ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ಮುಖ್ಯ. ಒಂದೇ ಕಡೆ ಬಾಗು ಕೂತಿದ್ದರೆ ಅದು ಕೀಲಿನದೇ ಕತೆ, ಮೇಲಿನ ಭಾಗಕ್ಕೆ ವಾಪಸ್ ಹೋಗಿ. ಹಿಡಿಯ ಹತ್ತಿರ ಕೂತಿದ್ದರೆ ತೋಳಿನ ಹೊರ ಅರ್ಧ ಕೆಲಸ ಮಾಡುತ್ತಿಲ್ಲ, ಅಲ್ಲಿ ಹೆರೆಯಬೇಕು. ಹಿಡಿಯ ಹತ್ತಿರದ ಸಣ್ಣ ಬಾಗೂ ತುದಿಗೆ ಬರುವ ಹೊತ್ತಿಗೆ ದೊಡ್ಡದಾಗುತ್ತದೆ. ಇಡೀ ತೋಳಿನಲ್ಲಿ ಸಮನಾಗಿ ಹರಡಿದ್ದರೆ ಹದ ಸರಿಯಾಗಿದೆ. ತಪ್ಪು ಮೂರರಲ್ಲಿ ಒಂದು: ಮರ ಹಸಿಯಿತ್ತು, ತೋಳು ಆ ಬಲಕ್ಕೆ ಸಾಲದಷ್ಟು ಕಿರಿದಾಗಿತ್ತು, ಇಲ್ಲವೇ ಹದ ಮಾಡುವಾಗಲೇ ಅತಿಯಾಗಿ ಎಳೆದಿರಿ.

ಹಸಿ ಮರವೇ ಹೆಚ್ಚಾಗಿ ಸಿಗುವ ಕಳ್ಳ. ಬಿಲ್ಲಿನ ಮರದಲ್ಲಿ ಶೇ. 8ರಿಂದ 10ರಷ್ಟು ತೇವ ಇರಬೇಕು. ಜಾಸ್ತಿ ಇದ್ದರೆ ಹೊಟ್ಟೆಯ ನಾರು ಅದುಮಿಕೊಂಡು ಹಾಗೇ ಕೂತುಬಿಡುತ್ತದೆ. ತೀರಾ ಒಣಗಿದ್ದರೆ ಬೆನ್ನು ಗಾಜಿನ ಹಾಗೆ ಸಿಡಿಯುತ್ತದೆ. ತೇವ ಅಳೆಯುವ ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ಒರಟಾಗಿ ಕೆತ್ತಿದ ಮರವನ್ನು ದಿನಾ ಒಂದೇ ಹೊತ್ತಿಗೆ ತಕ್ಕಡಿಗಿಟ್ಟು ತೂಕ ಬರೆದಿಡಿ. ಒಂದು ವಾರ ತೂಕ ಇಳಿಯದೇ ನಿಂತರೆ ಸುತ್ತಲಿನ ಗಾಳಿಗೆ ಮರ ಹೊಂದಿಕೊಂಡಿದೆ ಅಂತ ಅರ್ಥ. ಹದ ಮಾಡುತ್ತಿರುವಾಗಲೇ ಬಾಗು ಕೂರಲು ಶುರುವಾದರೆ ಆ ದಿನವೇ ಕೆಲಸ ನಿಲ್ಲಿಸಿ ಎರಡು ವಾರ ಒಣಗಲು ಬಿಡಿ. ಇನ್ನೊಂದು ಸ್ವಲ್ಪ ಹೆರೆದು ನೋಡೋಣ ಅನ್ನಿಸುತ್ತದೆ. ಬೇಡ.

ಅತಿಯಾಗಿ ಎಳೆಯುವುದಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇಟ್ಟುಕೊಳ್ಳಿ. ನಿಮಗೆ 40 ಪೌಂಡಿನ ಬಿಲ್ಲು ಬೇಕಿದ್ದರೆ, ಹದ ಮಾಡುವ ಯಾವ ಹಂತದಲ್ಲೂ ಎಳೆತ ಅಳೆಯಲು ಹೆದೆಗೆ ಸಿಕ್ಕಿಸಿದ ತಕ್ಕಡಿ 40 ದಾಟಬಾರದು, ಹೆದೆ ಆಗ ಹತ್ತು ಇಂಚು ಮಾತ್ರ ಬಂದಿದ್ದರೂ ಸರಿ. ಎಳೆದು ನಿಲ್ಲಿಸಿ ನೋಡುತ್ತ ಕೂರುವುದೂ ತಪ್ಪು. ಎರಡು ಮೂರು ಸೆಕೆಂಡು ಸಾಕು. ಬಿಲ್ಲನ್ನು ಗೋಡೆಯ ಕಟ್ಟೆಗೆ ಕೂರಿಸಿ ಹಗ್ಗ, ರಾಟೆ ಹಾಕಿ ಪಕ್ಕದಿಂದ ಎಳೆಯಿರಿ. ತುಂಡು ಹಾರಿದರೆ ಬರುವ ದಾರಿಯಲ್ಲಿ ನಿಮ್ಮ ಮುಖ ಇರಬಾರದು. ಕಣ್ಣಿಗೆ ಕನ್ನಡಕ ಇರಲಿ.

ಹೊಟ್ಟೆಯಲ್ಲಿ ಅಡ್ಡ ಗೆರೆಗಳು

ಕೂದಲಿನಷ್ಟು ಸಣ್ಣ ಗೆರೆಗಳು, ತೋಳಿಗೆ ಅಡ್ಡಲಾಗಿ. ಮೊದಮೊದಲು ಸ್ಯಾಂಡ್ ಪೇಪರ್ ಗೀರು ಅನ್ನಿಸುತ್ತದೆ. ಕತ್ತಲೆ ಮಾಡಿ ಟಾರ್ಚನ್ನು ತೋಳಿನ ಉದ್ದಕ್ಕೆ ಓರೆಯಾಗಿ ಹಿಡಿಯಿರಿ, ಉಗುರು ಎಳೆದು ನೋಡಿ. ಗೀರಾದರೆ ನಾಲ್ಕು ಸಲ ಹೆರೆದಾಗ ಹೋಗುತ್ತದೆ. ಇದು ಹೋಗುವುದಿಲ್ಲ, ಮತ್ತೆ ಎಳೆದರೆ ಇನ್ನೂ ಉದ್ದವಾಗುತ್ತದೆ. ಇಲ್ಲಿ ಹೊಟ್ಟೆಯ ನಾರು ಅದುಮಿಸಿಕೊಂಡು ಕುಸಿದಿದೆ.

ಅಂಟು ಸುರಿದು ಪ್ರಯೋಜನವಿಲ್ಲ. ಅಂಟು ಬಿಟ್ಟುಹೋದದ್ದನ್ನು ಹಿಡಿಯುತ್ತದೆ, ಕುಸಿದದ್ದನ್ನು ಎತ್ತುವುದಿಲ್ಲ. ಮದ್ದು ಪಕ್ಕದಲ್ಲಿದೆ. ಗೆರೆ ಬಿದ್ದ ಜಾಗ ಬಿಟ್ಟು ಅದರ ಆಚೆ ಈಚೆ ಹೆರೆದು, ಅಲ್ಲೂ ಬಗ್ಗುವಂತೆ ಮಾಡಿದರೆ ಈ ಜಾಗಕ್ಕೆ ಬಿಡುವು ಸಿಗುತ್ತದೆ, ಗೆರೆ ಮುಂದೆ ಬೆಳೆಯುವುದಿಲ್ಲ. ಇದು ನನ್ನ ಶೋಧ ಏನಲ್ಲ. ಇಂಗ್ಲೆಂಡಿನ ರೋಜರ್ ಆಸ್ಕಮ್ 1545ರಲ್ಲಿ ಬಿಲ್ಲಿನ ಬಗ್ಗೆ ಬರೆಯುತ್ತ ಇದೇ ಗೆರೆಗಳಿಗೆ ಇದೇ ಮದ್ದು ಹೇಳಿದ್ದಾರೆ. ಅದೇ ವರ್ಷ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಅನ್ನುವ ಯುದ್ಧದ ಹಡಗಿನ ಒಳಗಿಂದ ನೂರಕ್ಕೂ ಹೆಚ್ಚು ಇಡೀ ಉದ್ದ ಬಿಲ್ಲುಗಳು ಸಿಕ್ಕಿವೆ, ಯೂ ಮರದವು. ಯೂ ಮರದ ಹೊರಗಿನ ಬಿಳಿ ಮರ ಹಿಗ್ಗುವುದರಲ್ಲಿ ಗಟ್ಟಿಗ, ಒಳಗಿನ ಕೆಂಪು ಚೇಗು ಅದುಮಿಸಿಕೊಳ್ಳುವುದರಲ್ಲಿ ಗಟ್ಟಿಗ. ಬೆನ್ನು, ಹೊಟ್ಟೆ ಎರಡೂ ಒಂದೇ ಕಾಂಡದಲ್ಲಿ ಸಿದ್ಧವಾಗಿ ಬಂದಿರುತ್ತವೆ. ಆಶ್, ಎಲ್ಮ್, ಮೇಪಲ್ ತರದ ಬಿಳಿ ಮರಗಳಲ್ಲಿ ಹೊಟ್ಟೆ ಅಷ್ಟು ಗಟ್ಟಿಯಿಲ್ಲ. ಅಂಥ ಮರದಲ್ಲಿ ಹೊಟ್ಟೆಯನ್ನು ದುಂಡಗೆ ಮಾಡದೆ ಚಪ್ಪಟೆಯಾಗಿಡಿ, ತೋಳು ಅಗಲವಿರಲಿ. ದುಂಡಗಿನ ಹೊಟ್ಟೆಯಲ್ಲಿ ಅದುಮುವ ಭಾರವೆಲ್ಲ ನಡುವಿನ ಒಂದು ಸಣ್ಣ ಪಟ್ಟಿಯ ಮೇಲೇ ಬೀಳುತ್ತದೆ.

ಬೆನ್ನಿನಲ್ಲಿ ಸಿಬಿರು ಎದ್ದಿದೆ

ಬೆನ್ನಿನ ವಿಷಯದಲ್ಲಿ ತಮಾಷೆ ಇಲ್ಲ. ಹೊಟ್ಟೆ ಕೆಟ್ಟರೆ ಬಿಲ್ಲು ನಿಧಾನಕ್ಕೆ ಸಾಯುತ್ತದೆ, ಬೆನ್ನು ಬಿಟ್ಟರೆ ಒಂದೇ ಕ್ಷಣ. ಚಟ್ ಅಂತ ಸದ್ದು ಕೇಳಿದ ತಕ್ಷಣ ಎಳೆಯುವುದು ನಿಲ್ಲಿಸಿ, ಮೆಲ್ಲಗೆ ಹೆದೆ ಇಳಿಸಿ. ಹತ್ತಿಯ ಉಂಡೆಯನ್ನು ಬೆನ್ನಿನ ಮೇಲೆ ಎರಡೂ ದಿಕ್ಕಿಗೆ ಸವರಿ. ಸಿಬಿರು ಎದ್ದ ಕಡೆ ಎಳೆ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ್ದನ್ನೂ ಹತ್ತಿ ಹಿಡಿಯುತ್ತದೆ.

ಕಾರಣ ಸಾಮಾನ್ಯವಾಗಿ ಒಂದೇ. ಬೆನ್ನಿನ ಮೇಲೆ ತುದಿಯಿಂದ ತುದಿಗೆ ಒಂದೇ ವಾರ್ಷಿಕ ಉಂಗುರ ಹರಿದಿರಬೇಕು. ನುಣುಪು ಮಾಡುವ ಆಸೆಗೆ ಎಲ್ಲೋ ಆ ಉಂಗುರ ಕತ್ತರಿಸಿ ಕೆಳಗಿನದಕ್ಕೆ ಇಳಿದಿದ್ದರೆ ನಾರು ಅಲ್ಲಿ ತುಂಡಾಗಿರುತ್ತದೆ. ಹಲಗೆಯಿಂದ ಮಾಡಿದ ಬಿಲ್ಲಾದರೆ ನಾರಿನ ಗೆರೆ ಓರೆಯಾಗಿ ಅಂಚಿಗೆ ಓಡಿಹೋಗಿದೆಯಾ ನೋಡಿ. ಬೆನ್ನು ಸ್ವಲ್ಪ ಒರಟಾಗಿ ಕಂಡರೂ ಅದರ ತಂಟೆಗೆ ಹೋಗಬಾರದು. ಚಂದ ಮಾಡಬೇಕು ಅನ್ನಿಸಿದರೆ ಹೊಟ್ಟೆ ಇದೆಯಲ್ಲ.

ಸಿಬಿರು ಸಣ್ಣದಾಗಿ, ಉದ್ದಕ್ಕೆ ಎದ್ದಿದ್ದರೆ ತೆಳುವಾದ ಸೂಪರ್ ಗ್ಲೂ ಅದರಡಿಗೆ ಇಳಿಸಿ, ಒತ್ತಿ ಹಿಡಿದು, ಒಣಗಿದ ಮೇಲೆ ಗಟ್ಟಿ ನಾರಿನ ದಾರವನ್ನು ಒತ್ತೊತ್ತಾಗಿ ಸುತ್ತಿ. ಸಿಬಿರಿನ ಎರಡೂ ತುದಿ ದಾಟಿ ಎರಡೆರಡು ಸೆಂ.ಮೀ. ಸುತ್ತು ಬರಲಿ, ಮೇಲೆ ಮತ್ತೆ ಅಂಟು ಸವರಿ. ನಾರಿನ ಓಟವೇ ಸರಿಯಿಲ್ಲ ಅನ್ನಿಸಿದರೆ ಇಡೀ ಬೆನ್ನಿಗೆ ಲಿನನ್ ಬಟ್ಟೆ ಅಥವಾ ಹದ ಮಾಡದ ಹಸಿ ಚರ್ಮದ ಪಟ್ಟಿ ಅಂಟಿಸುವುದು ವಾಸಿ. ಬಿರುಕು ಅಡ್ಡಲಾಗಿದ್ದರೆ ಮಾತ್ರ ರಿಪೇರಿ ಇಲ್ಲ, ಬಿಲ್ಲನ್ನು ಅಲ್ಲಿಗೇ ಬಿಟ್ಟುಬಿಡಿ. ಒಣಗುವಾಗ ಬಿದ್ದ ಉದ್ದನೆಯ ಬಿರುಕು ನಾರಿನ ಜೊತೆಯೇ ಹೋಗಿದ್ದು, ಅಂಚಿಗೆ ಬಂದು ಹೊರಬೀಳದಿದ್ದರೆ ಸುಮ್ನೆ ಹೆದರಬೇಡಿ. ಅಂಟು ತುಂಬಿ ಮುಂದುವರಿಯಿರಿ.

ಹೆದೆ ಪಕ್ಕಕ್ಕೆ ಬೀಳುತ್ತದೆ

ಹೆದೆ ಏರಿಸಿ ಹೊಟ್ಟೆಯ ಕಡೆಯಿಂದ ನೋಡಿದರೆ ಹೆದೆ ಹಿಡಿಯ ನಡುವೆ ಹಾದುಹೋಗಬೇಕು. ಎಡಕ್ಕೆ ಸರಿದಿದೆ ಅನ್ನೋಣ. ಎರಡೂ ತೋಳನ್ನು ಬೇರೆಬೇರೆಯಾಗಿ ನೋಡಿ, ಯಾವುದು ವಾಲಿದೆ ಅಂತ ಗೊತ್ತಾಗುತ್ತದೆ. ಬಗ್ಗುವ ತೋಳು ಯಾವತ್ತೂ ತೆಳು ಅಂಚಿನ ಕಡೆಗೇ ವಾಲುತ್ತದೆ. ಎಡಕ್ಕೆ ವಾಲಿದ್ದರೆ ಎಡ ಅಂಚು ತೆಳು, ಬಲ ಅಂಚು ದಪ್ಪ. ಹಾಗಾಗಿ ಹೆರೆಯಬೇಕಾದದ್ದು ಬಲ ಅಂಚಿನ ಹೊಟ್ಟೆಯನ್ನು. ಹೊಸಬರ ಕೈ ಎಡಕ್ಕೇ ಹೋಗುತ್ತದೆ, ನನ್ನದೂ ಹೋಗಿತ್ತು. ಹತ್ತು ಸಲ ಹೆರೆದು, 30 ಸಲ ಎಳೆದು, ನೋಡಿ.

ದಪ್ಪ ಎರಡು ಅಂಚಿಗೂ ಸಮ ಇದ್ದರೆ ಮರವೇ ತಿರುಚಿದೆ. ಬಿಸಿ ಗಾಳಿಯ ಗನ್ನಿನಿಂದ ಆ ಜಾಗವನ್ನು ಚೆನ್ನಾಗಿ ಬಿಸಿ ಮಾಡಿ, ಬೇಕಾದ್ದಕ್ಕಿಂತ ಒಂದಿಷ್ಟು ಜಾಸ್ತಿಯೇ ವಿರುದ್ಧ ದಿಕ್ಕಿಗೆ ತಿರುಚಿ ಬಿಗಿದು, ಪೂರ್ತಿ ತಣ್ಣಗಾಗುವ ತನಕ ಬಿಡಿ. ಬಿಸಿ ತಾಗಿದ ಮರ ಒಣಗಿರುತ್ತದೆ. ಅದು ಗಾಳಿಯ ತೇವ ಮತ್ತೆ ಹೀರಿಕೊಳ್ಳಲು ನಾಲ್ಕೈದು ದಿನ ಕೊಡದೆ ಎಳೆಯಬಾರದು. ವಾಲಿಕೆ ತುಂಬಾ ಸ್ವಲ್ಪ ಇದ್ದರೆ ಇಷ್ಟೆಲ್ಲ ರಗಳೆ ಬೇಡ. ತುದಿಯಲ್ಲಿ ಒಂದು ಬದಿಯ ಕಚ್ಚನ್ನು ಒಂಚೂರು ಆಳ ಮಾಡಿ ಹೆದೆಯನ್ನು ನಡುವಿಗೆ ಸರಿಸಬಹುದು.

ಸಣ್ಣಪುಟ್ಟವು

ಬಾಣ ಬಿಟ್ಟಾಗ ಕೈ ಜುಮ್ ಅನ್ನುವಂತೆ ಹೊಡೆತ ಬಂದರೆ ತುದಿಗಳು ಭಾರ. ಕೊನೆಯ 15 ಸೆಂ.ಮೀ. ಅನ್ನು ಅಗಲದಲ್ಲಿ ಕಿರಿದು ಮಾಡುತ್ತ ಬನ್ನಿ, ತುತ್ತತುದಿ ಒಂದು ಸೆಂ.ಮೀ. ಸುತ್ತಮುತ್ತ ಇದ್ದರೂ ಸಾಕು. ಹೆದೆ ಮಣಿಕಟ್ಟಿಗೆ ಬಡಿಯುತ್ತಿದ್ದರೆ ಹೆದೆಗೂ ಹಿಡಿಗೂ ನಡುವೆ ದೂರ ಸಾಲದು. ಮುಷ್ಟಿ ಕಟ್ಟಿ ಹೆಬ್ಬೆರಳು ನೆಟ್ಟಗೆ ನಿಲ್ಲಿಸಿದಷ್ಟು, ಅಂದರೆ ಸುಮಾರು 15 ಸೆಂ.ಮೀ. ಬರುವ ತನಕ ಹೆದೆಯನ್ನು ಗಿಡ್ಡ ಮಾಡಿ. ಕೆಳತೋಳು ಮೇಲ್ತೋಳಿಗಿಂತ ಮೂರರಿಂದ ಆರು ಮಿ.ಮೀ. ಬಿಗಿಯಾಗಿ ಕಂಡರೆ ಅದು ದೋಷವೇ ಅಲ್ಲ. ಬಾಣ ಕೂರುವುದು ಬಿಲ್ಲಿನ ನಟ್ಟನಡುವಿಗಿಂತ ಮೇಲೆ, ಹಾಗಾಗಿ ಕೆಳತೋಳಿಗೆ ಸ್ವಲ್ಪ ಜಾಸ್ತಿ ಬಿಗಿ ಬೇಕು. ಎಳೆಯುವಾಗ ಟಿಕ್ ಟಿಕ್ ಸದ್ದು ಬಂದರೆ ಮೊದಲು ಕಚ್ಚುಗಳಲ್ಲಿ ಹೆದೆ ಸರಿಯಾಗಿ ಕೂತಿದೆಯಾ ನೋಡಿ, ಆಮೇಲೆ ಅಂಟು ಹಾಕಿದ ಹಿಡಿಯ ಬೆಸುಗೆ ನೋಡಿ. ಎರಡೂ ಸರಿ ಇದ್ದರೆ ಹತ್ತಿಯ ಉಂಡೆ ತೆಗೆದುಕೊಳ್ಳಿ.

ಮುರಿದೇ ಹೋಯಿತು

ತುಂಡುಗಳನ್ನು ಒಲೆಗೆ ಹಾಕಬೇಡಿ, ಮೊದಲು ಓದಿ. ಮುರಿದ ಬಾಯಿ ಉದ್ದುದ್ದ ಸಿಬಿರುಗಳಾಗಿ, ಬೆನ್ನಿನಿಂದ ಶುರುವಾಗಿದ್ದರೆ ಬೆನ್ನಿನ ಉಂಗುರ ಎಲ್ಲಿ ಕತ್ತರಿಸಿದೆ ಅಂತ ಹುಡುಕಿ. ಕ್ಯಾರೆಟ್ ಮುರಿದ ಹಾಗೆ ಮೊಂಡಾಗಿ, ಸಿಬಿರೇ ಇಲ್ಲದೆ ತುಂಡಾಗಿದ್ದರೆ ಮರವೇ ಸರಿಯಿರಲಿಲ್ಲ. ಅತಿಯಾಗಿ ಒಣಗಿತ್ತು, ಇಲ್ಲವೇ ಕಾಂಡ ಬಿದ್ದಲ್ಲೇ ಬಹಳ ದಿನ ಇದ್ದು ಒಳಗೆ ಕೊಳೆಯಲು ಶುರುವಾಗಿತ್ತು. ಅದೇ ಕಾಂಡದ ಇನ್ನೊಂದು ಸೀಳು ನಿಮ್ಮಲ್ಲಿದ್ದರೆ ಅದಕ್ಕೂ ಆಸೆ ಬಿಡಿ. ಹೊಟ್ಟೆಯಲ್ಲಿ ಅಡ್ಡ ಸುಕ್ಕು ಇದ್ದು, ಅದಕ್ಕೆ ಎದುರಾಗಿ ಬೆನ್ನು ಹರಿದಿದ್ದರೆ ಮೊದಲು ಸೋತದ್ದು ಹೊಟ್ಟೆ.

ಆಮೇಲೆ ಒಂದು ವರ್ನಿಯರ್ ಕ್ಯಾಲಿಪರ್ ಹಿಡಿದು ಎರಡೂ ತುಂಡಿನ ದಪ್ಪವನ್ನು ಐದೈದು ಸೆಂ.ಮೀ.ಗೆ ಒಂದರಂತೆ ಅಳೆದು ಬರೆಯಿರಿ. ಹಿಡಿಯಿಂದ ತುದಿಗೆ ಅಂಕಿಗಳು ಮೆಲ್ಲಗೆ ಇಳಿಯುತ್ತ ಹೋಗಬೇಕು. ನನ್ನ ಮೂರನೇ ಬಿಲ್ಲಿನ ತುಂಡು ಇನ್ನೂ ನನ್ನ ಬೆಂಚಿನ ಮೇಲಿದೆ. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದ ಅಂಕಿಗಳು ಹೀಗಿವೆ: 19, 18, 18, 15, 18, 17. ಮುರಿದದ್ದು 15ರಲ್ಲಿ.